ಪ್ರಿನ್ಸಿಪಾಲರ ಬಿಕ್ಕಳಿಕೆ

ಇದನ್ನು ನಾನು ಸೇತುವೆ ದಾಟಿ ಬಂದು, ಬಸ್ಸು ತಿರುಗುವ ಜಾಗದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲೇ ಬರೆಯಬಹುದಿತ್ತು, ಅಲ್ಲಿ ಫ್ಯಾನೂ ಇದೆ, ಬೆನ್ನು ಒರಗಿಸುವ ಕುರ್ಚಿಯೂ ಇದೆ. ಆದರೆ ನಮ್ಮೂರೊಳಗೆ ಕೂತರೆ ಈ ಕಥೆಗೆ ಬೇಕಾದ ಮುಖ್ಯವಾದ ಮಾತೇ ಪೆನ್ನಿಗೆ ಬರುವುದಿಲ್ಲ. ಕಷ್ಟಪಟ್ಟು ಬರೆದರೂ ಕಾಗದದ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ಅಂಗಡಿಯವನ ಗಂಟುಮುಖ ಸಹಿಸಿಕೊಂಡು, ಆಗಾಗ ಒಂದು ಬನ್ನು ತರಿಸಿಕೊಂಡು, ಇಲ್ಲೇ ಮುಗಿಸುತ್ತೇನೆ.

ನಮ್ಮೂರಲ್ಲಿ ಇಂಗ್ಲಿಷಿನ ಒಂದು ದೊಡ್ಡ ಪದ ಒಬ್ಬರ ಹತ್ತಿರ ಮಾತ್ರ ಇರುತ್ತದೆ. ಬಸ್ಸು, ಲೈಟು, ಪೆನ್ನು, ಟೆನ್ಶನ್ನು ಇಂಥವಕ್ಕೆಲ್ಲ ಈ ಕಟ್ಟುಪಾಡಿಲ್ಲ, ಅವು ಯಾವತ್ತೋ ಕನ್ನಡಕ್ಕೆ ಬಂದು ಸಂಸಾರ ಹೂಡಿವೆ. ನಾನು ಹೇಳುವುದು ಭಾಷಣಕ್ಕೆ, ಇಂಟರ್‌ವ್ಯೂಗೆ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾವನಾಗುವವರ ಎದುರಿಗೆ ಬೇಕಾಗುವ ಗತ್ತಿನ ಪದಗಳ ವಿಚಾರ. ಅಂಥ ಪದವನ್ನು ಇಟ್ಟುಕೊಂಡವರು ಅದರ ಅರ್ಥವನ್ನು ಇನ್ನೊಬ್ಬರ ಮುಖ ನೋಡಿ ಬಿಡಿಸಿ ಹೇಳಿದರೆ ಮುಗಿಯಿತು, ಪದ ಆ ಇನ್ನೊಬ್ಬರ ಪಾಲು. ಹೇಳಿದವರಿಗೆ ಒಂದು ಬಿಕ್ಕಳಿಕೆ ಬರುತ್ತದೆ. ಆಮೇಲೆ ಆ ಪದ ಅವರ ಕಿವಿಗೆ ಬರೀ ಸದ್ದು, ನುಡಿಯಲು ಹೋದರೆ ನಾಲಿಗೆ ಅರ್ಧದಲ್ಲೇ ಮುಗ್ಗರಿಸುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಎನ್ನುತ್ತಾರೆ. ನಮ್ಮೂರಲ್ಲಿ, ಯಾವುದು ಹೋಯಿತು ಎಂದು ಕೇಳುತ್ತಾರೆ.

ಡಿಕ್ಷನರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಗ್ರಂಥಾಲಯದಲ್ಲಿ ದಪ್ಪನೆಯದೇ ಇದೆ. ಯಾರೋ ಇಟ್ಟುಕೊಂಡಿರುವ ಪದದ ಜಾಗ ಅದರಲ್ಲಿ ಖಾಲಿ ಕಾಣುತ್ತದೆ, ಹಾಗಾಗಿ ಹುಳ ತಿಂದ ಪುಸ್ತಕ ಇದ್ದಂತಿದೆ. ಒಬ್ಬರು ತೀರಿಕೊಂಡರೆ ಅವರ ಪದಗಳು ಮತ್ತೆ ಪುಟದ ಮೇಲೆ ಮೂಡುತ್ತವೆ. ಸ್ಮಶಾನದಿಂದ ಬಂದವರು ಸ್ನಾನ ಮುಗಿಸಿ ತಲೆ ಕೂಡ ಒರೆಸಿಕೊಳ್ಳದೆ ಗ್ರಂಥಾಲಯಕ್ಕೆ ಓಡುವುದನ್ನು ನಾನೇ ನೋಡಿದ್ದೇನೆ. ಇನ್ನು ಹೊರಗೆ ಹೋಗಿ ಕಲಿತು ಬರುತ್ತೇವೆ ಎಂದು ಹೊರಟವರ ಪಾಡು ಸೇತುವೆಯ ಮೇಲೆ ಗೊತ್ತಾಗುತ್ತದೆ. ಆ ಕಡೆಯಿಂದ ಜೋರಾಗಿ ಇಂಗ್ಲಿಷು ಮಾತಾಡುತ್ತ ಬರುವ ಹುಡುಗರು ಸೇತುವೆಯ ನಡುವೆ ಬಸ್ಸು ಬಂದಾಗ ಬಾಯಿ ತೆರೆದು ಸುಮ್ಮನಾಗುತ್ತಾರೆ. ಕಂಡಕ್ಟರ್ ಅದನ್ನು ನೋಡಿಯೇ ಊರು ಬಂತೆಂದು ಕೂಗುತ್ತಾನೆ.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ತರಕಾರಿ ಮಾರುವ ಪುಟ್ಟನಂಜಿಯ ಹತ್ತಿರ ‘ಎಕ್ಸಾರ್ಬಿಟೆಂಟ್’ ಎಂಬ ಪದವಿದೆ, ಎಂದರೆ ವಿಪರೀತ ದುಬಾರಿ. ಬೀನ್ಸಿನ ರೇಟಿಗೆ ಜಗಳ ಮಾಡುತ್ತ ಒಬ್ಬ ಲೆಕ್ಚರರು ಸಿಟ್ಟಿನಲ್ಲಿ ಅರ್ಥ ಬಿಡಿಸಿ ಹೇಳಿ ಕಳೆದುಕೊಂಡದ್ದು. ಈಗ ಅವಳು ಎಷ್ಟೇ ರೇಟು ಹೇಳಲಿ, ಆ ಪದದಲ್ಲಿ ಬೈಯಲು ಊರಲ್ಲಿ ಯಾರಿಗೂ ಬಾಯಿಲ್ಲ. ಬ್ಯಾಂಕಿನವರು ಪ್ರಮೋಷನ್ನಿನ ಇಂಟರ್‌ವ್ಯೂಗೆ ಹೋಗುವಾಗ ಪಕ್ಕದ ಮನೆಯಿಂದ ಕಾಫಿಪುಡಿ ತಂದಂತೆ ಒಂದೆರಡು ವಿಶೇಷಣ ಕೈಗಡ ತಂದು, ಸಂಜೆಗೆ ಬಿಕ್ಕಳಿಸಿ ಹಿಂತಿರುಗಿಸುತ್ತಾರೆ. ಪದ ಜಾಸ್ತಿ ಇರುವವರು ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಾರೆ. ಅರ್ಥ ಹೇಳಿಬಿಡಬೇಕೆಂಬ ತುರಿಕೆ ಬಂದ ಕೂಡಲೇ ಕಚ್ಚಿ ತಡೆದುಕೊಳ್ಳುವುದು ರೂಢಿ. ಆದ್ದರಿಂದ ನಮ್ಮೂರಲ್ಲಿ ಯಾರ ಬಾಯಿ ಲವಂಗ ವಾಸನೆ ಹೊಡೆಯುತ್ತದೋ ಅವರನ್ನು ವಿದ್ವಾಂಸರು ಎಂದು ತಿಳಿಯತಕ್ಕದ್ದು.

ಎಲ್ಲರಿಗಿಂತ ಜೋರಾಗಿ ಹಾಗೆ ವಾಸನೆ ಹೊಡೆಯುತ್ತಿದ್ದವರು ನಿವೃತ್ತ ಪ್ರಿನ್ಸಿಪಾಲ್ ನಂಜುಂಡಾರಾಧ್ಯರು. ಕಾಲೇಜಿನಲ್ಲಿ ಸರ್ವೀಸು ಪೂರ್ತಿ ಇಂಗ್ಲಿಷು ಪಾಠ ಮಾಡಿ ಒಂದೇ ಒಂದು ಪದದ ಅರ್ಥ ಹೇಳದೆ ರಿಟೈರ್ ಆದ ಮಹಾನುಭಾವರು. ಓದಿ, ಓದಿಸಿ, ಬರೆಸಿ, ಬೈದು ಕಳಿಸುತ್ತಿದ್ದರು. ನಾನೂ ಅವರ ಶಿಷ್ಯನೇ. ಅಪ್ಪನಿಂದ ಬಂದ ಮೈಕ್ ಸೆಟ್ಟಿನ ಅಂಗಡಿ ನನ್ನದು, ಹೆಸರು ಮುದ್ದುರಂಗ. ಸನ್ಮಾನ, ನಾಮಕರಣ, ನಿವೃತ್ತಿ ಏನೇ ಇದ್ದರೂ ಮೈಕು ಹಾಕುವವನೂ ನಾನೇ, ಮೈಕಿನಲ್ಲಿ ಮಾತಾಡುವವನೂ ನಾನೇ. ಹೊಗಳಿಕೆಗೆಂದು ನನ್ನ ಹತ್ತಿರ ಬೆರಳೆಣಿಕೆಯ ಪದಗಳಿದ್ದವು. ಎಲ್ಲ ಗಣ್ಯರನ್ನೂ ಅವನ್ನೇ ತಿರುಗಿಸಿ ಮುರುಗಿಸಿ ಹೊಗಳಿ ಜೀವನ ಸಾಗಿಸುತ್ತಿದ್ದೆ.

ಹಳೆಯ ವಿದ್ಯಾರ್ಥಿಗಳ ಸಂಘದವರು ಆರಾಧ್ಯರಿಗೆ ಸನ್ಮಾನ ಇಟ್ಟುಕೊಂಡಾಗ ಮೈಕು ನನ್ನ ಪಾಲಿಗೆ ಬಂತು. ಅದರ ಹಿಂದೆಯೇ ಅವರ ಹೆಂಡತಿ ಶಿವಗಂಗಮ್ಮ ಅಂಗಡಿಗೆ ಬಂದರು. ಮಾತಿನಲ್ಲೂ ಕೆಲಸದಲ್ಲೂ ಚುರುಕಿನ ಹೆಂಗಸು. ಬಂದವರೇ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

‘ಮುದ್ದುರಂಗ, ನನಗೊಂದು ಉಪಕಾರ ಆಗಬೇಕು ಕಣಪ್ಪ. ನಿಮ್ಮ ಮೇಷ್ಟ್ರು ಮದುವೆಯಾದಾಗಿಂದ ನನ್ನ ಒಂದು ಪದದಲ್ಲಿ ಕರೀತಾರೆ. ಇನ್... ಇನ್... ನೋಡು, ನನ್ನ ಬಾಯಲ್ಲಿ ನಿಲ್ಲಲ್ಲ. ಯೂ ಆರ್ ಅಂತ ಶುರು ಮಾಡಿ ಅದನ್ನ ಅಂದು ಪೇಪರ್ ಎತ್ಕೋತಾರೆ. ಹೊಗಳಿದ್ರೋ ಬೈದ್ರೋ ಇವತ್ತಿನವರೆಗೂ ಗೊತ್ತಾಗ್ಲಿಲ್ಲ.’

ಕೇಳಲಿಲ್ಲವೇ ಎಂದೆ.

‘ಕೇಳ್ದೆ ಬಿಡ್ತೀನಾ? ಲವಂಗ ಕಚ್ಕೊಂಡು ಗೋಡೆ ನೋಡ್ತಾರೆ. ಒಂದ್ಸಲ ತಂಗಿ ಮಗನ ಮದುವೆಗೆ ಅಂತ ಸೇತುವೆ ದಾಟಿ ಹೋಗಿದ್ದೆ. ಅವರ ಮನೇಲಿ ಡಿಕ್ಷನರಿ ಇತ್ತು. ತೆಗೆದು ಓದಿದೆ, ಅಷ್ಟು ನೆನಪಿದೆ. ಬಸ್ಸು ಸೇತುವೆ ದಾಟ್ತು, ಎಲ್ಲ ಹೋಯ್ತು. ಓದಿ ನಕ್ಕೆನೋ ಅತ್ತೆನೋ ಅದೂ ಗೊತ್ತಿಲ್ಲ ಕಣೋ. ಸೆರಗು ಮಾತ್ರ ಒದ್ದೆಯಾಗಿತ್ತು.’

ನನಗೆ ನಗು ಬಂದಿತ್ತು, ಆದರೆ ಸೆರಗಿನ ಮಾತು ಬಂದ ಮೇಲೆ ನಗಲಾಗಲಿಲ್ಲ. ಮದುವೆಯಾದಾಗಿನಿಂದ ಒಂದೇ ಮಾತು ಕೇಳಿಕೊಂಡು, ಅದು ಹೂವೋ ಕಲ್ಲೋ ತಿಳಿಯದೆ, ಅಂಥವರಿಗೆ ದಿನಾ ಅಡುಗೆ ಮಾಡಿ ಬಡಿಸುವುದೆಂದರೆ ಹೇಗಿರಬೇಕು. ನನಗೆ ಮೇಷ್ಟ್ರ ಮೇಲೆ ನಿಜವಾಗಿ ಕೋಪ ಬಂತು. ಸಮಾಧಾನಕ್ಕೆಂದು, ಹೇಗೂ ಮುಂದೊಂದು ದಿನ ಆ ಪದ ತಾನಾಗಿ ಪುಸ್ತಕಕ್ಕೆ ಬರುತ್ತದಲ್ಲ ಎಂಬ ಅರ್ಥದಲ್ಲಿ ಏನೋ ತೊದಲಿದೆ.

‘ಅವರು ಹೋದ್ಮೇಲೆ ತಿಳ್ಕೊಂಡು ಯಾರ ಹತ್ರ ಜಗಳ ಆಡ್ಲಿ?’ ಎಂದರು ಶಿವಗಂಗಮ್ಮ.

ಆ ಮಾತಿಗೆ ನಾನು ಒಪ್ಪಿಕೊಂಡೆ.

ಮೊದಲು ಸುಲಭದ ದಾರಿ ನೋಡಿದೆ. ಮೇಷ್ಟ್ರ ಮನೆಗೆ ಹೋಗಿ, ಸನ್ಮಾನದ ದಿನ ತಮ್ಮ ಮಟ್ಟಕ್ಕೆ ತಕ್ಕ ಹೊಗಳಿಕೆ ನನ್ನ ಹತ್ತಿರ ಇಲ್ಲ, ಇರುವುದೆಲ್ಲ ತಮ್ಮ ಹತ್ತಿರವೇ ಇದೆ ಎಂದು ಕೈಮುಗಿದೆ. ಆರಾಧ್ಯರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಕೊಟ್ಟರೆ ಪದ ಹೋಗುತ್ತದೆ, ಕೊಡದಿದ್ದರೆ ಮುನಿಸಿಪಾಲಿಟಿ ಮೆಂಬರನ್ನು ಹೊಗಳಿದ ಪದಗಳಲ್ಲೇ ತಮ್ಮನ್ನೂ ಹೊಗಳುತ್ತಾರೆ. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದರು.

‘ಮಾರನೇ ಬೆಳಿಗ್ಗೆ ವಾಪಸ್ ಕೊಡಬೇಕು,’ ಎಂದರು.

‘ಕೊಡ್ತೀನಿ ಸಾರ್.’

ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಮೂರು ಪದ ಕೊಟ್ಟರು. ‘ಎರುಡೈಟ್’ ಎಂದರೆ ಆಳವಾಗಿ ಓದಿಕೊಂಡವನು. ಬಿಕ್ಕಳಿಕೆ. ‘ಇಲಸ್ಟ್ರಿಯಸ್’ ಎಂದರೆ ಹೆಸರುವಾಸಿ. ಬಿಕ್ಕಳಿಕೆ. ‘ಮ್ಯಾಗ್ನಾನಿಮಸ್’ ಎಂದರೆ ಉದಾರ ಮನಸ್ಸಿನವನು ಎನ್ನುವಷ್ಟರಲ್ಲಿ ಅವರಿಗೆ ಬೆವರು ಕಿತ್ತುಕೊಂಡಿತ್ತು. ಆಗ ನಾನು ಮೆಲ್ಲಗೆ, ಅಮ್ಮಾವರನ್ನು ಕರೆಯುವ ಆ ಪದವನ್ನೂ ಕೊಟ್ಟರೆ ಅವರ ಬಗ್ಗೆಯೂ ಒಂದು ಮಾತು ಹೇಳಬಹುದಲ್ಲ ಎಂದೆ. ಮೇಷ್ಟ್ರು ಲವಂಗ ಬಾಯಿಗೆ ಹಾಕಿಕೊಂಡರು.

‘ಅದೊಂದು ಕೇಳ್ಬೇಡ. ಅದು ಮನೆಯಿಂದ ಆಚೆ ಹೋಗಲ್ಲ,’ ಎಂದವರೇ ಗೋಡೆ ನೋಡತೊಡಗಿದರು.

ಇನ್ನು ಉಳಿದದ್ದು ಕಿತಾಪತಿಯ ದಾರಿ. ಮೇಷ್ಟ್ರ ಗುಟ್ಟೊಂದು ನನಗೆ ಕಾಲೇಜಿನಿಂದಲೇ ಗೊತ್ತಿತ್ತು. ಹುಡುಗರು ಬೇಕೆಂದೇ ತಪ್ಪು ಅರ್ಥ ಹೇಳಿ ಅವರ ಬಾಯಿ ಬಿಡಿಸಲು ಎಷ್ಟೋ ನೋಡಿದ್ದರು. ಪೂರ್ತಿ ತಪ್ಪು ಉತ್ತರಕ್ಕೆ ಅವರು ಕರಗುತ್ತಿರಲಿಲ್ಲ, ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಯಾವನಾದರೂ ಪಾಪದವನು ಯೋಚನೆ ಮಾಡಿ ಮುಕ್ಕಾಲು ಸರಿ ಹೇಳಿದರೆ ಮೇಷ್ಟ್ರ ಕೈ ನಡುಗುತ್ತಿತ್ತು, ಲವಂಗವನ್ನು ಕಟಕಟ ಕಡಿಯುತ್ತಿದ್ದರು. ಆ ಕಾಲು ಭಾಗ ತಿದ್ದದೆ ಬಿಡುವುದು ಅವರಿಗೆ ಪ್ರಾಣಸಂಕಟ. ಕೆಟ್ಟು ಕೂತ ರೇಡಿಯೋವನ್ನು ಮೂಲೆಗೆ ಹಾಕಿ ಮರೆಯಬಹುದು, ಸ್ವಲ್ಪವೇ ಕೊರಕೊರ ಎನ್ನುವ ರೇಡಿಯೋ ಮುಂದೆ ಕೂತವನ ಕೈ ಸುಮ್ಮನಿರುವುದಿಲ್ಲವಲ್ಲ, ಹಾಗೆ. ಇದನ್ನು ಶಿವಗಂಗಮ್ಮನವರಿಗೆ ಹೇಳಿದೆ. ಮೇಷ್ಟ್ರು ಆ ಪದವನ್ನು ಯಾವಾಗ ಯಾವಾಗ ಅನ್ನುತ್ತಾರೆ ಎಂದು ಕೇಳಿದೆ.

ಅವರು ಯೋಚಿಸಿ ಹೇಳಿದರು. ‘ಉಪ್ಪಿಟ್ಟಿಗೆ ಸಾಸಿವೆ ಕಮ್ಮಿ ಹಾಕು ಅಂತಾರೆ, ನಾನು ಜಾಸ್ತಿ ಹಾಕ್ತೀನಿ, ಆಗ ಅಂತಾರೆ. ಓದೋ ಪೇಪರ್ ಮೇಲೆ ಸೊಪ್ಪು ಸೋಸ್ಬೇಡ ಅಂತಾರೆ, ಸೋಸ್ತೀನಿ, ಆಗ ಅಂತಾರೆ. ಫೋನಲ್ಲಿ ಕಿರುಚ್ಬೇಡ ಅಂದಾಗ್ಲೂ ಅಷ್ಟೇ. ಆದ್ರೆ ಅನ್ನೋವಾಗ ಮುಖ ಸಿಟ್ಟಿಂದಲ್ಲ ಕಣಪ್ಪ. ಅಲ್ಲೇ ನನಗೆ ತಲೆ ಕೆಟ್ಟೋಗೋದು.’

‘ಹಾಗಾದ್ರೆ ಹತ್ತಿರ ಬಂದಿದ್ದೀರಿ ಅಮ್ಮಾವ್ರೇ. ಅಷ್ಟರಲ್ಲೇ ಒಂದು ಅರ್ಥ ಕಟ್ಟಿ, ಮೈಕಲ್ಲಿ ಹೇಳಿ.’

ಸನ್ಮಾನ ಪುರಭವನದಲ್ಲಿ. ಜನ ಚೆನ್ನಾಗಿಯೇ ಸೇರಿದ್ದರು. ವೇದಿಕೆಗೆ ಮೇಷ್ಟ್ರು ಹತ್ತುವಾಗಲೇ ನಾನು ಕಿವಿಯ ಹತ್ತಿರ ಬಗ್ಗಿ, ಬಾಯಲ್ಲಿ ಲವಂಗ ಇದ್ದರೆ ಈ ಹೊಸ ಮೈಕು ಶಿಳ್ಳೆ ಹೊಡೆಯುತ್ತದೆ ಎಂದೆ. ಇಂಗ್ಲಿಷಿನಲ್ಲಿ ಅವರನ್ನು ಮೀರಿಸಲು ಊರಲ್ಲಿ ಯಾರೂ ಇರಲಿಲ್ಲ, ಮೈಕಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ವೇದ. ಲವಂಗ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಗುರುಗಳು ಎರುಡೈಟ್, ನಮ್ಮ ಗುರುಗಳು ಇಲಸ್ಟ್ರಿಯಸ್, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಗುರುಗಳು ಮ್ಯಾಗ್ನಾನಿಮಸ್ ಎಂದು ಒಂದೊಂದನ್ನೂ ಎಳೆದು ಎಳೆದು ಹೇಳಿದೆ. ಜನರಿಗೆ ಅರ್ಥವಾಗಲಿಲ್ಲ, ಆದರೆ ಪದಗಳ ಉದ್ದ ನೋಡಿ ಚಪ್ಪಾಳೆ ತಟ್ಟಿದರು. ಆಗ ವೇದಿಕೆಯ ಮೇಲೆ ನಾನು ಯೋಚಿಸಿಯೇ ಇರದ ಒಂದು ತಮಾಷೆ ನಡೆಯಿತು. ಮೇಷ್ಟ್ರಿಗೂ ಅರ್ಥವಾಗಲಿಲ್ಲ. ಪದಗಳು ನನ್ನ ಹತ್ತಿರ ಇದ್ದವಲ್ಲ. ಕೊಟ್ಟದ್ದು ಹೊಗಳಿಕೆಯ ಪದ ಎನ್ನುವುದೂ ಅವುಗಳ ಜೊತೆಗೇ ಹೊರಟುಹೋಗಿತ್ತು ಎಂದು ಕಾಣುತ್ತದೆ. ಪೇಟದ ಕೆಳಗೆ ಅವರ ಮುಖ ಸಣ್ಣಗಾಯಿತು. ಮೊದಲ ಸಾಲಿನಲ್ಲಿ ಯಾರೋ ನಕ್ಕರೆ ಅವರ ಕಡೆ, ಯಾರೋ ಕೆಮ್ಮಿದರೆ ಇವರ ಕಡೆ ನೋಡಿದರು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ವಾಲಿದರು.

‘ಏನಂದ ಅವನು? ಬೈದ್ನಾ?’

‘ನನಗೇನು ಗೊತ್ತು? ನೀವೇ ಕಲಿಸಿದ ಹುಡುಗ,’ ಎಂದರು ಶಿವಗಂಗಮ್ಮ.

ಮೈಕು ಹತ್ತಿರವೇ ಇದ್ದುದರಿಂದ ಇಡೀ ಸಭೆಗೆ ಇದು ಕೇಳಿಸಿತು. ಮೇಷ್ಟ್ರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಅವರ ಕಣ್ಣಿನಲ್ಲಿ ಆಗ ಕಂಡದ್ದು ನಾನು ಎಂದೂ ಕಂಡಿರದ ಸಂಕೋಚ. ನಾನು ಕರುಣೆಗೆ ಅವಕಾಶ ಕೊಡದೆ, ಈಗ ಗುರುಪತ್ನಿಯವರು ಎರಡು ಮಾತಾಡುತ್ತಾರೆ ಎಂದು ಘೋಷಿಸಿ ಮೈಕನ್ನು ಶಿವಗಂಗಮ್ಮನವರ ಕೈಗೆ ಕೊಟ್ಟೆ.

ಶಿವಗಂಗಮ್ಮ ಎದ್ದು ನಿಂತರು. ಸಭೆಯನ್ನು ನೋಡಲೇ ಇಲ್ಲ, ಗಂಡನ ಕಡೆಗೇ ತಿರುಗಿಕೊಂಡರು.

‘ಇವರು ನನ್ನ ಯಾವಾಗ್ಲೂ ಒಂದು ಪದದಲ್ಲಿ ಕರೀತಾರೆ. ನಿಮಗೆಲ್ಲ ಗೊತ್ತೇ ಇದೆ, ಬೀದಿಗೆಲ್ಲ ಕೇಳುತ್ತೆ. ಅದರ ಅರ್ಥ ಇವರು ಹೇಳ್ಲಿಲ್ಲ, ನಾನೇ ಕಂಡುಕೊಂಡೆ. ಗಂಡ ಎಷ್ಟು ತಿದ್ದಿದ್ರೂ ಬೇಜಾರು ಮಾಡ್ಕೊಳ್ದೆ ಇರೋಳು ಅಂತ. ಅಷ್ಟು ಒಳ್ಳೆ ಹೆಸರು ಕೊಟ್ಟಿದ್ದಕ್ಕೆ ಎಲ್ಲರ ಮುಂದೆ ಕೈ ಮುಗೀತೀನಿ.’

ಹೆಂಗಸರ ಕಡೆಯಿಂದ ಚಪ್ಪಾಳೆ ಶುರುವಾಗಿ ಗಂಡಸರ ಕಡೆಗೂ ಹಬ್ಬಿತು. ಸಂಘದ ಕಾರ್ಯದರ್ಶಿ ಕಣ್ಣೊರೆಸಿಕೊಂಡರು. ನಾನು ಮೇಷ್ಟ್ರ ಕೈ ನೋಡುತ್ತಿದ್ದೆ. ಮೊದಲು ಬೆರಳು ನಡುಗಿತು, ಆಮೇಲೆ ಮಣಿಕಟ್ಟು. ದವಡೆ ಆಡಿತು, ಕಚ್ಚಲು ಅಲ್ಲಿ ಲವಂಗವಿರಲಿಲ್ಲ. ಕರವಸ್ತ್ರಕ್ಕೆ ಕೈ ಹಾಕಿದರು, ಶಾಲು ಅಡ್ಡ ಬಂತು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಅವರು ಎದ್ದು ನಿಂತಿದ್ದರು.

‘ಬೇಜಾರಿನ ಮಾತೇ ಇಲ್ಲ ಕಣೇ ಅದರಲ್ಲಿ,’ ಎಂದರು ಹೆಂಡತಿಯ ಮುಖ ನೋಡುತ್ತ. ‘ಅಲ್ಲೇ ತಪ್ಪಿದ್ದು ನೀನು. ಉಳಿದಿದ್ದೆಲ್ಲ ಸರಿ. ಇನ್‌ಕರಿಜಿಬಲ್ ಅಂದ್ರೆ ಎಷ್ಟು ತಿದ್ದಿದ್ರೂ ತಿದ್ದಿಕೊಳ್ಳದವಳು ಅಂತ. ಯಾರು ಏನೇ ಮಾಡಿದ್ರೂ ತನ್ನ ಹಾಗೇ ಇರೋಳು.’

ಆಮೇಲೆ ಬಂದ ಬಿಕ್ಕಳಿಕೆ ನಾಲ್ಕು ಸ್ಪೀಕರಿನಲ್ಲೂ ಮೊಳಗಿತು. ಪುರಭವನದ ಹೊರಗೆ ಕಡಲೆಕಾಯಿ ಮಾರುವವನು ಕೂಡ ಇಣುಕಿ, ಯಾವುದು ಹೋಯಿತು ಎಂದು ಕೇಳಿದನಂತೆ.

ನಾವೆಲ್ಲ ಆ ಅರ್ಥವನ್ನು ಕೇಳಿಸಿಕೊಂಡೆವು, ಆದರೆ ಮೇಷ್ಟ್ರು ಹೇಳಿದ್ದು ಒಬ್ಬರ ಮುಖ ನೋಡಿ. ನಮ್ಮ ಕಿವಿಯಿಂದ ಅದು ಆಗಲೇ ಜಾರಿಹೋಯಿತು. ಶಿವಗಂಗಮ್ಮ ಮಾತ್ರ ಮೈಕು ಹಿಡಿದುಕೊಂಡು ನಿಂತೇ ಇದ್ದರು. ಅವರ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಬೈಗುಳವೇ ಆಗಿದ್ದರೆ ಈ ತುಂಬಿದ ಸಭೆಯಲ್ಲಿ ಅವರಿಗೆ ಎಂಥ ಅವಮಾನ ಮಾಡಿಸಿಬಿಟ್ಟೆ ಎಂದುಕೊಂಡೆ. ಅಷ್ಟರಲ್ಲಿ ಅವರ ತುಟಿ ಒಂದು ಕಡೆ ಸೊಟ್ಟಗಾಯಿತು. ಮೈಕನ್ನು ನನ್ನ ಕೈಗಿಟ್ಟು ಕೂತರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅದು ನಗು ಎಂದು ನಾನು ನಂಬಿಕೊಂಡು ವಂದನಾರ್ಪಣೆ ಶುರು ಮಾಡಿದೆ.

ಮಾರನೆಯ ಬೆಳಿಗ್ಗೆ ಕೊಟ್ಟ ಮಾತಿನಂತೆ ಮೂರೂ ಪದಗಳನ್ನು ಹಿಂತಿರುಗಿಸಲು ಹೋದೆ. ಪಡಸಾಲೆಯಲ್ಲಿ ಮೇಷ್ಟ್ರ ಎದುರು ಕೂತು ಒಂದೊಂದರ ಅರ್ಥ ಹೇಳಿ ಒಂದೊಂದು ಬಿಕ್ಕಳಿಸಿದೆ. ‘ಮ್ಯಾಗ್ನಾನಿಮಸ್’ ಮರಳಿ ಬಂದಾಗ ಅವರು ನಿಟ್ಟುಸಿರು ಬಿಟ್ಟು, ‘ಹೊಗಳಿದ್ದೇನಾ? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಕಣೋ,’ ಎಂದರು. ಅಷ್ಟರಲ್ಲಿ ಶಿವಗಂಗಮ್ಮ ಎರಡು ತಟ್ಟೆ ಉಪ್ಪಿಟ್ಟು ತಂದಿಟ್ಟರು. ಸಾಸಿವೆ ಎದ್ದು ಕಾಣುತ್ತಿತ್ತು.

‘ಎಷ್ಟು ಸಲ ಹೇಳಿದೀನಿ ನಿನಗೆ, ಸಾಸಿವೆ ಕಮ್ಮಿ ಹಾಕು ಅಂತ. ಯೂ ಆರ್...’ ಎಂದು ಮೇಷ್ಟ್ರು ಅಭ್ಯಾಸಬಲದಿಂದ ಶುರು ಮಾಡಿದರು. ‘ಇನ್... ಇನ್...’

ಬಾಯಿ ತೆರೆದೇ ಉಳಿಯಿತು. ಏನೋ ಇಟ್ಟ ಜಾಗದಲ್ಲಿ ಕೈಯಾಡಿಸುವವರ ಹಾಗೆ ನಾಲಿಗೆ ಆಡಿಸಿದರು. ನನಗೆ ನೋಡಲಾಗಲಿಲ್ಲ, ಆದರೆ ನೋಡದೆ ಇರಲೂ ಆಗಲಿಲ್ಲ.

ಶಿವಗಂಗಮ್ಮ ನಿಧಾನವಾಗಿ ಅವರ ಪಕ್ಕದಲ್ಲಿ ಕೂತರು. ಮಡಚಿಟ್ಟಿದ್ದ ಪೇಪರನ್ನು ತಾವೇ ಎತ್ತಿಕೊಂಡರು.

‘ಯೂ ಆರ್ ಇನ್‌ಕರಿಜಿಬಲ್ ಕಣ್ರೀ,’ ಎಂದರು. ಒಂದು ಅಕ್ಷರವೂ ಮುಗ್ಗರಿಸಲಿಲ್ಲ.

ಮೇಷ್ಟ್ರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು.

‘ಹಾಗಂದ್ರೇನು?’

‘ಹೇಳಿದ್ರೆ ಬಿಕ್ಕಳಿಕೆ ಬರುತ್ತೆ. ಉಪ್ಪಿಟ್ಟು ತಿನ್ನಿ, ಆರುತ್ತೆ.’

ಆ ದಿನದಿಂದ ಶಿವಗಂಗಮ್ಮನವರ ಅಡುಗೆಮನೆಯ ಡಬ್ಬಿಯಲ್ಲಿ ಲವಂಗ ಬೇಗ ಬೇಗ ಮುಗಿಯುತ್ತಿದೆ. ಮೇಷ್ಟ್ರು ನನ್ನನ್ನು ಮಾರ್ಕೆಟ್ಟಿನಲ್ಲಿ ತಡೆದು, ‘ದಿನಾ ನನ್ನ ಏನೋ ಅಂತಾಳೆ ಕಣೋ. ಹೊಗಳಿಕೆಯೋ ಬೈಗುಳವೋ ಹೇಳೋ,’ ಎಂದು ಕೇಳಿದರು. ನನಗೂ ಗೊತ್ತಿಲ್ಲ ಸಾರ್ ಎಂದೆ. ಅಲ್ಲಿ ನಿಂತು ಹೇಳಿದ ಆ ಮಾತು ಸತ್ಯವೇ ಆಗಿತ್ತು.

ಸೇತುವೆ ದಾಟಿದರೆ ಅದೆಲ್ಲ ನೆನಪಾಗುತ್ತದೆ ಎಂಬುದು ಅವರಿಗೆ ಯಾರು ಹೇಳಿಕೊಟ್ಟರೋ. ಪದಗಳು ಎಲ್ಲಿ ಚೆಲ್ಲಿಹೋಗುತ್ತವೋ ಎಂಬ ಭಯದಿಂದ ಊರು ಬಿಟ್ಟು ಕದಲದಿದ್ದ ಮನುಷ್ಯ ಈಗ ಆಗಾಗ ಬಸ್ಸು ಹತ್ತುತ್ತಾರೆ. ಇಗೋ, ಇದನ್ನು ಬರೆಯುತ್ತಿರುವಾಗಲೇ ಬಸ್ಸು ಬಂದು ತಿರುಗಿತು, ಸನ್ಮಾನದ ಶಾಲು ಹೊದ್ದುಕೊಂಡು ಮೇಷ್ಟ್ರು ಇಳಿದರು. ಇಳಿಯುವಾಗಲೇ ನಗುತ್ತಿದ್ದರು. ನನ್ನ ಬೆಂಚಿನ ತುದಿಯಲ್ಲಿ ಕೂತು, ‘ನನ್ನ ಪದದಲ್ಲೇ ನನ್ನ ಬೈತಾಳೆ ಕಣೋ ಅವಳು,’ ಎಂದು ಹೇಳಿ ಹೇಳಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಶಾಲಿನ ತುದಿಯಿಂದ ಒರೆಸಿಕೊಂಡರು. ಟೀ ಕುಡಿದರು. ಇನ್ನು ಅದೇ ಬಸ್ಸಿಗೆ ವಾಪಸ್ಸು ಹೋಗುತ್ತಾರೆ. ಸೇತುವೆಯ ನಡುವೆ ಸುಮ್ಮನಾಗುತ್ತಾರೆ. ಮನೆಗೆ ಹೋದ ಮೇಲೆ ಶಿವಗಂಗಮ್ಮ, ಶಾಲು ಯಾಕೆ ಒದ್ದೆ ಎಂದು ಕೇಳುತ್ತಾರೆ. ಗೊತ್ತಿಲ್ಲ ಕಣೇ ಎನ್ನುತ್ತಾರೆ ಇವರು. ಅಮ್ಮಾವರಿಗೆ ಗೊತ್ತು. ಶಾಲನ್ನು ಹಿಂಡಿ ಹಗ್ಗದ ಮೇಲೆ ಹರವುತ್ತ ಮತ್ತೆ ಆ ಪದವನ್ನೇ ಅನ್ನುತ್ತಾರೆ.